ಬೆಕ್ಕು ಗಿಕ್ಕು, ಆನೆ ಗೀನೆ

ಸಿಯಾಟಲ್ ಪಕ್ಕದ ನಮ್ಮೂರ ಲೈಬ್ರರಿಯವರು ತಿಂಗಳಿಗೊಂದು ಶನಿವಾರ ಪುಟ್ಟ ಮಕ್ಕಳಿಗೆ ಕನ್ನಡದಲ್ಲಿ ಕಥೆ ಹೇಳ್ತೀರಾ ಅಂತ ಕೇಳಿದಾಗ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟೆ. ಅದರಲ್ಲೇನಿದೆ ಮಹಾ? ಅಆಇಈ ಚಾರ್ಟು ತೂಗುಹಾಕುವುದು, ಒಂದು ಕಥೆ ಓದುವುದು, ಮನೆಗೆ ಬರುವುದು.

ಮೊದಲ ಶನಿವಾರ ಹನ್ನೊಂದು ಮಕ್ಕಳು ಬಂದಿದ್ದವು. ನಾನು ಚಾರ್ಟಿನಲ್ಲಿ ‘ಋ’ ಮುಟ್ಟುವಷ್ಟರಲ್ಲಿ ಚಾಪೆ ಮೇಲೆ ಉಳಿದದ್ದು ನಾಲ್ಕು. ಒಬ್ಬ ಪುಸ್ತಕದ ಗಾಡಿಯಡಿ ನುಗ್ಗಿ ಕೂತಿದ್ದ. ನನ್ನ ಮಗಳೇ ಬಾಗಿಲ ಹತ್ತಿರ ನಿಂತು ಶೂ ಹಾಕಿಕೊಳ್ಳುತ್ತಿದ್ದಳು.

ಮಕ್ಕಳ ವಿಭಾಗದ ಲೈಬ್ರೇರಿಯನ್ ಏನೂ ಅನ್ನಲಿಲ್ಲ. ತಮ್ಮ ಮೇಜಿನ ಹತ್ತಿರ ಕೂರಿಸಿ, ಆ ವಾರ ತಾವು ಮಾಡಲಿದ್ದ ಸ್ಟೋರಿ ಟೈಮಿನ ಹಾಳೆ ತೋರಿಸಿದರು. ಅರ್ಧ ಗಂಟೆಯ ಲೆಕ್ಕ ಒಂದೇ ಪುಟದಲ್ಲಿ. ಶುರುವಿಗೆ ಸ್ವಾಗತದ ಹಾಡು, ಆಮೇಲೆ ದೊಡ್ಡ ಚಿತ್ರಗಳ ಪುಸ್ತಕ, ಒಂದು ಬೆರಳಾಟ, ಎದ್ದು ಕುಣಿಯುವುದು, ಇನ್ನೊಂದು ಪುಟ್ಟ ಪುಸ್ತಕ, ಬೈ ಬೈ ಹಾಡು. ಮುಗಿದ ಮೇಲೆ ಕಾಲು ಗಂಟೆ ಆಟಿಕೆ. ಬೆಳಿಗ್ಗೆ ಹತ್ತೂವರೆಯೇ ಯಾಕೆಂದರೆ, ಆಮೇಲೆ ಮಕ್ಕಳಿಗೆ ನಿದ್ದೆ ಹೊತ್ತು. ಅಂಬೆಗಾಲಿಡುವವರಿಗೆ ಬೇರೆ, ನಾಲ್ಕು ವರ್ಷದವರಿಗೆ ಬೇರೆ.

“ಪ್ರತಿ ಸಲ ಅದೇ ಹಾಡಾ? ಬೇಜಾರಾಗಲ್ವಾ?” ಅಂದೆ.

“ಬೇಜಾರಾಗೋದು ನಮಗೆ. ಮಕ್ಕಳಿಗಲ್ಲ,” ಅಂದರು.

ಆ ಹಾಳೆಯ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಒಂದು ಸಾಲು ಬರೆದಿತ್ತು: ಪುಟ ತಿರುಗಿಸುವ ಮೊದಲು, ಮುಂದೇನಾಗಬಹುದು ಅಂತ ಮಗುವನ್ನೇ ಕೇಳಿ. ಇದು ಅಪ್ಪ ಅಮ್ಮಂದಿರಿಗೆ ಹೇಳುವ ಮಾತು. ವಾರಕ್ಕೆ ಅರ್ಧ ಗಂಟೆ ಕೂರಿಸಿದರೆ ಯಾವ ಮಗುವೂ ಓದು ಕಲಿಯುವುದಿಲ್ಲ. ಹಿಂದೆ ಕೂತ ದೊಡ್ಡವರು ನೋಡಿಕೊಂಡು ಹೋಗಿ ಮನೆಯಲ್ಲಿ ಮಾಡಿದರೆ ಕಲಿಯುತ್ತದೆ. ಇಡೀ ಕಾರ್ಯಕ್ರಮ ಇರುವುದೇ ಅವರಿಗಾಗಿ! ಅಮೆರಿಕದ ಗ್ರಂಥಾಲಯ ಸಂಘದವರು 2004ರಲ್ಲಿ ಇದಕ್ಕೆಂದೇ ಒಂದು ಯೋಜನೆ ಶುರುಮಾಡಿ, 2011ರಲ್ಲಿ ಅದನ್ನು ಐದು ಸರಳ ಕೆಲಸಗಳಿಗೆ ಇಳಿಸಿದರಂತೆ: ಮಾತು, ಹಾಡು, ಓದು, ಬರಹ, ಆಟ. ನಾನು ಹೊತ್ತುಕೊಂಡು ಹೋಗಿದ್ದು ಅಕ್ಷರದ ಚಾರ್ಟು ಮಾತ್ರ.

ಸರಿ, ಅವರ ಹಾಳೆಯನ್ನೇ ಕನ್ನಡಕ್ಕೆ ಇಳಿಸಲು ಹೊರಟೆ. ಸಿಕ್ಕಿಹಾಕಿಕೊಂಡದ್ದು ಪ್ರಾಸದಲ್ಲಿ. ಕ್ಯಾಟ್, ಹ್ಯಾಟ್, ಬ್ಯಾಟ್ ಅಂತ ಮೊದಲ ಸದ್ದು ಬದಲಿಸುತ್ತಾ ಆಡಿಸಿದರೆ, ಪದವೆಂದರೆ ಬಿಚ್ಚಿ ಜೋಡಿಸಬಹುದಾದ ಸದ್ದುಗಳ ಸರ ಅನ್ನುವುದು ಮಗುವಿನ ಕಿವಿಗೆ ಹತ್ತುತ್ತದೆ, ಮುಂದೆ ಓದಲು ಅದೇ ಬುನಾದಿ. ಕನ್ನಡದಲ್ಲಿ ಅಂಥ ಪುಟ್ಟ ಪದಗಳನ್ನು ಎಲ್ಲಿಂದ ತರಲಿ? ಗಿಳಿ, ಬಿಳಿ, ಇಳಿ ಅಂದುಕೊಂಡು ಅಡುಗೆಮನೆಯಲ್ಲಿ ತಲೆ ಕೆರೆದುಕೊಳ್ಳುತ್ತಿದ್ದೆ. ಆರು ತಿಂಗಳಿಗೆಂದು ಊರಿಂದ ಬಂದಿದ್ದ ಅಮ್ಮ ಅನ್ನಕ್ಕಿಡುತ್ತಾ, “ಪುಸ್ತಕ ಗಿಸ್ತಕ ಎಲ್ಲ ಆಮೇಲೆ, ಮೊದಲು ಊಟ ಗೀಟ ಮಾಡು,” ಅಂದರು.

ಪುಸ್ತಕ ಗಿಸ್ತಕ. ಊಟ ಗೀಟ. ಮೊದಲ ಸದ್ದು ತೆಗೆದು ‘ಗಿ’ ಕೂರಿಸುವುದು, ಅದು ದೀರ್ಘವಾಗಿದ್ದರೆ ‘ಗೀ’. ನಮ್ಮ ಬಾಯಲ್ಲಿ ದಿನಾ ಓಡಾಡುವ ಆಟವನ್ನು ಬಿಟ್ಟು ನಾನು ಇಂಗ್ಲಿಷಿನ ಟೋಪಿಗೆ ಕನ್ನಡದ ತಲೆ ಹುಡುಕುತ್ತಿದ್ದೆ.

ಎರಡನೇ ಶನಿವಾರ ಚಾರ್ಟು ಮನೆಯಲ್ಲೇ ಉಳಿಯಿತು. ಲೈಬ್ರರಿಯಲ್ಲಿ ಕನ್ನಡದ ಮಕ್ಕಳ ಪುಸ್ತಕ ಬೆರಳೆಣಿಕೆಯಷ್ಟು. ಹಾಗಾಗಿ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಿಂದ ಉಚಿತವಾಗಿ ಸಿಗುವ ಒಂದು ಕಥೆಯನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದಿದ್ದೆ. ಕಥೆಯ ನಡುವೆ ನಾನು ಬೆಕ್ಕು ಅಂದರೆ ಮಕ್ಕಳು ಗಿಕ್ಕು, ಆನೆ ಅಂದರೆ ಗೀನೆ. ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು ಕೂಡ ‘ಬಾಳೆಹಣ್ಣು ಗೀಳೆಹಣ್ಣು’ ಅಂತ ಕಿರುಚಿದವು. ಹಿಂದಿನ ಸಾಲಿನಲ್ಲಿ ಫೋನ್ ನೋಡುತ್ತಿದ್ದ ಅಪ್ಪಂದಿರೂ ತಲೆ ಎತ್ತಿದರು.

ನಾನು ಬೆಳೆದ ಊರಿನಲ್ಲಿ ಲೈಬ್ರರಿ ಅಂದರೆ ಪೇಪರ್ ಓದುವ ಗಂಡಸರ ಮೇಜು. ಮಕ್ಕಳು ಹೋದರೆ ‘ಶ್!’ ಈಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. 2020ರಲ್ಲಿ ಕರ್ನಾಟಕ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲಿನ ಮಾತಿದು. ಓದಿ ಖುಷಿಯಾಯಿತು. ಅಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ: ಮಕ್ಕಳ ಜೊತೆ ಅಜ್ಜಿಯರನ್ನೂ ಕರೆಯಿರಿ, ಅಕ್ಷರ ಬಾರದವರಾದರೆ ಇನ್ನೂ ಒಳ್ಳೆಯದು. ಐದು ಕೆಲಸದಲ್ಲಿ ಮಾತು, ಹಾಡು, ಆಟ ಮೂರೂ ಅವರ ಹತ್ತಿರವೇ ಇವೆ. ದಂಡದ ಭಯವನ್ನೂ ಇಡಬೇಡಿ. ಸಿಯಾಟಲ್ ನಗರದ ಲೈಬ್ರರಿ 2020ರ ಜನವರಿಯಿಂದ ತಡವಾದ ಪುಸ್ತಕಕ್ಕೆ ದಂಡ ಹಾಕುವುದನ್ನೇ ಬಿಟ್ಟಿದೆ. ದಂಡ ಇದ್ದರೆ ಪುಸ್ತಕವೂ ವಾಪಸ್ ಬರುವುದಿಲ್ಲ, ಮಗುವೂ ಬರುವುದಿಲ್ಲ.

ಕಳೆದ ಶನಿವಾರ ಐದು ವರ್ಷದ ಹುಡುಗನೊಬ್ಬ, “ಆಂಟಿ, ಗಿಡಕ್ಕೆ ಏನು?” ಅಂದ. ಮೊದಲೇ ‘ಗಿ’ ಇದೆಯಲ್ಲ! ನಾನು ಕಕ್ಕಾಬಿಕ್ಕಿ. ಹಿಂದಿನ ಸಾಲಿನಿಂದ ಅಮ್ಮ, “ಗಿಡ ಗಂಟಿ ಕಣೋ ಪುಟ್ಟ,” ಅಂದರು.

“ಹಂಗಾದ್ರೆ ಗಿಳಿಗೆ, ಅಜ್ಜಿ?”

ಅಮ್ಮನಿಗೂ ಹೊಳೆಯಲಿಲ್ಲ. ಮುಂದಿನ ತಿಂಗಳ ಹಾಳೆಯ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಅದನ್ನೇ ಬರೆದಿಟ್ಟುಕೊಂಡಿದ್ದೇನೆ.