ಬೆಟ್ಟಕ್ಕೆ ಕಟ್ಟಿದ ಬುತ್ತಿ

ಒಂದು ರಾತ್ರಿಯನ್ನು ಬೆಟ್ಟದ ಮೇಲೆಯೇ ಕಳೆದು ಮರುದಿನ ಇನ್ನೊಂದು ಬದಿಯಿಂದ ಇಳಿಯುವ ಚಾರಣವೊಂದಕ್ಕೆ ನಾವು ನಾಲ್ವರು ಗೆಳೆಯರು ಹೊರಟಾಗ, ಬುತ್ತಿಯ ಹೊಣೆಯನ್ನು ನಾನೇ ಕೇಳಿ ಪಡೆದುಕೊಂಡೆ. ಡೇರೆ, ನಕ್ಷೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳನ್ನು ಉಳಿದವರು ಹಂಚಿಕೊಂಡರು. ಬೂಟು, ಬೆನ್ನುಚೀಲ, ಮಳೆಯಂಗಿಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ಆಹಾರದ ಮಾತು ಬಂದಾಗ ‘ಏನಾದರೂ ಕಟ್ಟಿಕೊಂಡರಾಯಿತು’ ಎಂದು ಮುಗಿಸಿಬಿಡುವುದನ್ನು ಕಂಡಾಗಲೆಲ್ಲ ನನಗೆ ಕಳವಳವಾಗುತ್ತದೆ. ಏರುದಾರಿಯಲ್ಲಿ ಕಾಲು ಸೋಲುವುದಕ್ಕೆ ಅಭ್ಯಾಸದ ಕೊರತೆ ಎಷ್ಟು ಕಾರಣವೋ, ಹೊಟ್ಟೆಗೆ ಏನು ಯಾವಾಗ ಬಿದ್ದಿದೆ ಎಂಬುದೂ ಅಷ್ಟೇ ಕಾರಣ.

ಪಟ್ಟಿ ಬರೆಯುವ ಮೊದಲು ಪ್ರತಿಯೊಬ್ಬರನ್ನೂ ಯಾವುದು ಒಗ್ಗುವುದಿಲ್ಲ ಎಂದು ಕೇಳಿದೆ. ಗೆಳತಿಯೊಬ್ಬಳಿಗೆ ಕಡಲೆಬೀಜ, ಬಾದಾಮಿ, ಗೋಡಂಬಿ ಯಾವುದೂ ಆಗದು, ಅಲರ್ಜಿ ತೀವ್ರವಾದದ್ದು ಎಂದು ಆಗ ತಿಳಿಯಿತು. ಚಾರಣಿಗರ ಬುತ್ತಿ ನಿಂತಿರುವುದೇ ಈ ಬೀಜಗಳ ಮೇಲೆ. ನೂರು ಗ್ರಾಂ ಬಾದಾಮಿಯಲ್ಲಿ ಸುಮಾರು 580 ಕ್ಯಾಲೊರಿ, ಅಕ್ರೋಟಿನಲ್ಲಿ ಸುಮಾರು 650 ಕ್ಯಾಲೊರಿ ಶಕ್ತಿ ಇರುವಾಗ ಇಷ್ಟು ಹಗುರವಾದ, ಕೆಡದ, ಬೇಯಿಸಬೇಕಿಲ್ಲದ ಆಹಾರ ಬೇರೆ ಸುಲಭವಾಗಿ ಸಿಗುವುದಿಲ್ಲ. ಅವಳಿಗೆ ಬೇರೆ ಚೀಲ ಮಾಡಿ ನಾವು ಮೂವರು ಬಾದಾಮಿ ತಿನ್ನಬಹುದು ಎಂಬ ಸಲಹೆ ಬಂದಿತು, ನಾನು ಒಪ್ಪಲಿಲ್ಲ. ಒಂದೇ ಪಾತ್ರೆ, ಒಂದೇ ಚಮಚ, ಕೈತೊಳೆಯಲು ಮಿತವಾದ ನೀರು ಇರುವಲ್ಲಿ, ವೈದ್ಯರು ಗಂಟೆಗಳ ದಾರಿಯಷ್ಟು ದೂರವಿರುವಲ್ಲಿ, ಅಂಥ ಅಪಾಯವನ್ನು ಹೊತ್ತೊಯ್ಯಲು ಯಾವ ಕಾರಣವೂ ಇರಲಿಲ್ಲ. ಬದಲಿಗೆ ಅವಳಿಗೆ ಒಗ್ಗುವ ಕುಂಬಳಬೀಜ, ಸೂರ್ಯಕಾಂತಿ ಬೀಜ ಮತ್ತು ಒಣಕೊಬ್ಬರಿಯ ಚೂರುಗಳನ್ನು ಆರಿಸಿದೆ. ಶಕ್ತಿಯಲ್ಲಿ ಈ ಎರಡು ಬೀಜಗಳು ಬಾದಾಮಿಗೆ ಹೆಚ್ಚುಕಡಿಮೆ ಸಮ. ಕೊಬ್ಬರಿಯಂತೂ ಅದನ್ನು ಮೀರಿಸುತ್ತದೆ. ಕುಂಬಳಬೀಜದಲ್ಲಿ ನೂರು ಗ್ರಾಂಗೆ ಮೂವತ್ತು ಗ್ರಾಂನಷ್ಟು ಪ್ರೋಟೀನ್ ಸಹ ಇದೆ. ಕೊಂಡ ಪ್ರತಿ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನೂ ಓದಿದೆ, ಏಕೆಂದರೆ ಬಾದಾಮಿ, ಕಡಲೆಬೀಜಗಳನ್ನು ಸಂಸ್ಕರಿಸುವ ಯಂತ್ರದಲ್ಲಿಯೇ ತಯಾರಾದ ತಿನಿಸುಗಳು ಮಾರುಕಟ್ಟೆಯಲ್ಲಿ ಬಹಳಷ್ಟಿವೆ.

ತೂಕದ ಲೆಕ್ಕ ಶುರುವಾದದ್ದು ಅಲ್ಲಿಂದ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆ ಕೊಡುವುದು 4 ಕ್ಯಾಲೊರಿ, ಪ್ರೋಟೀನ್ ಕೂಡ ಅಷ್ಟೇ, ಕೊಬ್ಬು ಮಾತ್ರ 9. ನೀರು ಏನನ್ನೂ ಕೊಡುವುದಿಲ್ಲ, ಆದರೆ ಬೆನ್ನಿನ ಮೇಲೆ ಪೂರ್ತಿ ತೂಗುತ್ತದೆ. ತಾಜಾ ಸೇಬಿನಲ್ಲಿ ಶೇಕಡಾ 85ರಷ್ಟು ನೀರೇ ಇರುವುದರಿಂದ ನೂರು ಗ್ರಾಂ ಸೇಬಿನಿಂದ ಸಿಗುವುದು ಐವತ್ತು ಕ್ಯಾಲೊರಿಗಿಂತ ತುಸು ಹೆಚ್ಚು. ಅಷ್ಟೇ ತೂಕದ ಒಣದ್ರಾಕ್ಷಿಯಿಂದ ಸುಮಾರು ಮುನ್ನೂರು. ಹೊರೆ ಹೊತ್ತು ಏರು ಹತ್ತುವವರು ಗಂಟೆಗೆ 400ರಿಂದ 500 ಕ್ಯಾಲೊರಿ ವ್ಯಯಿಸುವುದು ಸಾಮಾನ್ಯ. ಅದೆಲ್ಲವನ್ನೂ ಅದೇ ದಿನ ತುಂಬಿಕೊಡಬೇಕೆಂದಿಲ್ಲ, ದೇಹದಲ್ಲಿ ಸಂಗ್ರಹವಿದೆ. ಆದರೂ ಒಬ್ಬರಿಗೆ ದಿನಕ್ಕೆ ಮೂರು ಸಾವಿರ ಕ್ಯಾಲೊರಿಯನ್ನಾದರೂ ಒದಗಿಸಬೇಕು, ಅದು ಮುಕ್ಕಾಲು ಕಿಲೋ ತೂಕವನ್ನು ಮೀರಬಾರದು ಎಂದು ಗುರಿಯಿಟ್ಟೆ. ಅಂದರೆ ಸರಾಸರಿ ಒಂದು ಗ್ರಾಂ ಆಹಾರ 4 ಕ್ಯಾಲೊರಿಯನ್ನಾದರೂ ಕೊಡಬೇಕು. 1911–12ರಲ್ಲಿ ದಕ್ಷಿಣ ಧ್ರುವಕ್ಕೆ ನಡೆದ ಬ್ರಿಟಿಷ್ ಅನ್ವೇಷಕ ರಾಬರ್ಟ್ ಸ್ಕಾಟ್ ಅವರ ತಂಡದ ದಿನದ ಪಡಿ ಒಬ್ಬರಿಗೆ ಒಂದು ಕಿಲೋಗೆ ತುಸು ಕಡಿಮೆಯಿದ್ದು ಸುಮಾರು 4500 ಕ್ಯಾಲೊರಿ ಕೊಡುತ್ತಿತ್ತು. ಜಾರುಬಂಡಿ ಎಳೆಯುವ ಆ ದುಡಿಮೆಗೆ ಅದೂ ಸಾಲದೆ ಅವರು ಸೊರಗುತ್ತ ಹೋದರು. ನಮ್ಮದು ಅಂಥ ಸಾಹಸವಲ್ಲ, ಆದರೆ ತೂಕ ಮತ್ತು ಶಕ್ತಿಯ ನಡುವಿನ ಲೆಕ್ಕಾಚಾರ ಮಾತ್ರ ಇಂದಿಗೂ ಅದೇ.

ಕೊಬ್ಬು ಅಷ್ಟು ಶಕ್ತಿಯುತವಾಗಿದ್ದರೆ ಬರೀ ಕೊಬ್ಬರಿ, ಚೀಸ್, ಎಣ್ಣೆಗಳನ್ನೇ ಒಯ್ಯಬಾರದೇಕೆ ಎಂದು ಗೆಳೆಯನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಕೊಬ್ಬು ಹೊಟ್ಟೆಯಲ್ಲಿ ಬಹುಕಾಲ ನಿಲ್ಲುತ್ತದೆ, ನಿಧಾನವಾಗಿ ಒದಗುತ್ತದೆ. ಕಡಿದಾದ ಏರಿನಲ್ಲಿ ಸ್ನಾಯುಗಳು ಮುಖ್ಯವಾಗಿ ಬೇಡುವುದು ಗ್ಲೂಕೋಸನ್ನು. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೊಜೆನ್ ರೂಪದಲ್ಲಿ ಅದರ ದಾಸ್ತಾನು ಇರುತ್ತದೆ. ಎಲ್ಲ ಸೇರಿ ಎರಡು ಸಾವಿರ ಕ್ಯಾಲೊರಿ. ಒಲೆಯಲ್ಲಿ ದಪ್ಪ ಕೊರಡು ರಾತ್ರಿಯಿಡೀ ಉರಿಯಬಲ್ಲದಾದರೂ ಅದನ್ನು ಹೊತ್ತಿಸಲು, ಉರಿ ತಗ್ಗಿದಾಗ ಎಬ್ಬಿಸಲು ಪುಳ್ಳೆಗಳು ಬೇಕಾಗುವಂತೆ, ಕೊಬ್ಬಿನ ಜೊತೆಗೆ ಪಿಷ್ಟ, ಸಕ್ಕರೆಗಳ ಪೂರೈಕೆಯೂ ನಡೆಯುತ್ತಿರಬೇಕು. ದೀರ್ಘ ಶ್ರಮದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಎಂಬುದು ಕ್ರೀಡಾ ಪೋಷಣೆಯಲ್ಲಿ ಒಪ್ಪಿತವಾದ ಅಳತೆ. ಹಾಗಾಗಿ ನಡೆಯುತ್ತ ತಿನ್ನಲು ಖರ್ಜೂರ, ಒಣದ್ರಾಕ್ಷಿ, ಓಟ್ಸ್ ಬಿಸ್ಕತ್ತು. ನಿಂತು ತಿನ್ನಲು ಬೀಜ, ಕೊಬ್ಬರಿ, ಗಟ್ಟಿ ಚೀಸ್ ಎಂದು ವಿಂಗಡಿಸಿದೆ. ಎನರ್ಜಿ ಬಾರ್‌ಗಳನ್ನು ಹೆಚ್ಚು ತೆಗೆದುಕೊಳ್ಳಲಿಲ್ಲ. ಅವುಗಳಲ್ಲಿ ಕೆಲವು ಚೆನ್ನಾಗಿಯೇ ಇರುತ್ತವೆ, ಆದರೆ ಅನೇಕ ಬಾರ್‌ಗಳು ಆರೋಗ್ಯದ ಹೆಸರಿನಲ್ಲಿ ಮಾರಾಟವಾಗುವ ಮಿಠಾಯಿಗಳೇ ಹೊರತು ಬೇರೇನೂ ಅಲ್ಲವೆಂಬುದು ಪದಾರ್ಥಗಳ ಪಟ್ಟಿಯ ಮೊದಲ ಮೂರು ಹೆಸರುಗಳನ್ನು ಓದಿದರೆ ತಿಳಿಯುತ್ತದೆ.

ತಾಜಾ ಹಣ್ಣನ್ನು ಪೂರ್ತಿ ಬಿಡಲು ಮನಸ್ಸಾಗದೆ ಒಬ್ಬೊಬ್ಬರಿಗೆ ಒಂದು ಕಿತ್ತಳೆಯನ್ನು ಇಟ್ಟೆ. ಲೆಕ್ಕದ ಪ್ರಕಾರ ಅದಕ್ಕೆ ಜಾಗವಿರಲಿಲ್ಲ.

ಹೊರಟ ದಿನ ನಸುಕಿನಲ್ಲಿ ಹಾಲು ಹಾಕಿದ ಓಟ್ಸ್ ಗಂಜಿ ಕುಡಿದು ನಡಿಗೆ ಆರಂಭಿಸಿದೆವು. ಪ್ರತಿಯೊಬ್ಬರ ದಿನದ ತಿನಿಸನ್ನು ಒಂದೊಂದು ಚಿಕ್ಕ ಚೀಲದಲ್ಲಿ ಹಾಕಿ, ಬೆನ್ನುಚೀಲದ ಒಳಗಲ್ಲದೆ ಸೊಂಟಪಟ್ಟಿಯ ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕೆಂದು ಕೇಳಿಕೊಂಡಿದ್ದೆ. ಚೀಲ ಇಳಿಸಿ, ಬಿಚ್ಚಿ, ಹುಡುಕಬೇಕಾದ ಆಹಾರವನ್ನು ದಣಿದವರು ತಿನ್ನುವುದಿಲ್ಲ. ‘ಮುಂದಿನ ತಿರುವಿನಲ್ಲಿ ತಿನ್ನೋಣ’ ಎನ್ನುತ್ತಲೇ ಹೋಗುತ್ತಾರೆ. ಕೈಗೆ ಎಟಕುವುದು ಮಾತ್ರ ಹೊಟ್ಟೆಗೆ ಸೇರುತ್ತದೆ ಎಂಬುದನ್ನು ನಾನು ದೃಢವಾಗಿ ನಂಬುತ್ತೇನೆ, ಆ ದಿನ ಅದು ಕಣ್ಣೆದುರೇ ಸಾಬೀತಾಯಿತು.

ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಗನಾದ ಗೆಳೆಯ ಮೊದಲ ಮೂರು ಗಂಟೆ ಏನನ್ನೂ ಮುಟ್ಟಲಿಲ್ಲ. ಹಸಿವಾದಾಗ ತಿಂದರಾಯಿತು ಎಂಬುದು ಅವನ ನಿಲುವು. ಸಮತಟ್ಟಿನ ದಾರಿಯಲ್ಲಿ ಅದು ನಡೆದೀತು, ಆದರೆ ಏರಿನಲ್ಲಿ ಶ್ರಮವೇ ಹಸಿವನ್ನು ಅಡಗಿಸುತ್ತದೆ, ಎತ್ತರ ಹೆಚ್ಚಿದಂತೆ ಊಟದ ಆಸೆ ಇನ್ನಷ್ಟು ಕುಗ್ಗುತ್ತದೆ. ಹಸಿವಿನ ಕರೆಗಾಗಿ ಕಾದವರಿಗೆ ಆ ಕರೆ ಬಾರದೆಯೇ ದಾಸ್ತಾನು ಬರಿದಾಗುತ್ತದೆ. ಬಂಡೆಗಳ ಏರಿನ ನಡುವೆ ಅವನ ಹೆಜ್ಜೆ ಇದ್ದಕ್ಕಿದ್ದಂತೆ ನಿಧಾನವಾಯಿತು. ಮಾತಿಗೆ ಉತ್ತರ ಚುಟುಕಾಯಿತು. ಅಷ್ಟೇನೂ ಎತ್ತರವಲ್ಲದ ಮೆಟ್ಟಿಲಿನಂಥ ಬಂಡೆಗೆ ಕಾಲಿಡುವಾಗ ಎರಡು ಸಲ ತಡವರಿಸಿದ. ಕೇಳಿದರೆ ಹೊಟ್ಟೆ ತೊಳಸುತ್ತಿದೆ, ತಿನ್ನಲು ಬೇಡ ಎಂದ. ಕೂರಿಸಿ, ಖರ್ಜೂರವನ್ನು ಒಂದೊಂದೇ ಕೊಟ್ಟು, ನಡುನಡುವೆ ಸಕ್ಕರೆ ಮತ್ತು ಉಪ್ಪು ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಸಕ್ಕರೆ ಮತ್ತು ಉಪ್ಪು ಒಟ್ಟಿಗಿದ್ದರೆ ಸಣ್ಣ ಕರುಳು ಎರಡನ್ನೂ ಜೊತೆಯಾಗಿ ಹೀರಿಕೊಳ್ಳುತ್ತದೆ, ಅವುಗಳ ಬೆನ್ನಿಗೇ ನೀರೂ ಒಳಗೆ ಸೇರುತ್ತದೆ. ಅತಿಸಾರಕ್ಕೆ ಕೊಡುವ ಓಆರ್‌ಎಸ್ ದ್ರಾವಣ ಕೆಲಸ ಮಾಡುವುದೂ ಇದೇ ತತ್ತ್ವದಲ್ಲಿ. ಅರ್ಧ ಗಂಟೆಯೊಳಗೆ ಅವನ ಮುಖಕ್ಕೆ ಕಳೆ ಬಂದಿತು. ಆಗ ಬಾರ್‌ನ ಒರಟು ಓಟ್ಸನ್ನೋ ಬೀಜಗಳನ್ನೋ ಕೊಟ್ಟಿದ್ದರೆ ಅವನಿಗೆ ಅಗಿಯುವುದೇ ದೊಡ್ಡ ಕೆಲಸವಾಗುತ್ತಿತ್ತು. ದಣಿದ ಬಾಯಿಗೆ ಮೆತ್ತಗಿನದು, ಒದ್ದೆಯಾದದ್ದು ಬೇಕು. ಅಲ್ಲಿಂದ ಮುಂದೆ ಪ್ರತಿ ಮುಕ್ಕಾಲು ಗಂಟೆಗೊಮ್ಮೆ ಎಲ್ಲರೂ ಒಟ್ಟಿಗೆ ಒಂದು ಹಿಡಿ ತಿನ್ನುವುದೆಂದು ನಿಶ್ಚಯಿಸಿದೆವು, ಗಡಿಯಾರ ನೋಡುವ ಹೊಣೆಯನ್ನು ಅವನೇ ವಹಿಸಿಕೊಂಡ.

ಮಧ್ಯಾಹ್ನ ಬೆಟ್ಟದ ಏಣನ್ನು ತಲುಪಿದಾಗ ಕಿತ್ತಳೆಗಳನ್ನು ಸುಲಿದೆವು. ಗಂಟೆಗಟ್ಟಲೆ ಒಣ, ಸಿಹಿ ಪದಾರ್ಥಗಳನ್ನೇ ಅಗಿದ ನಾಲಿಗೆಗೆ ಆ ಹುಳಿರಸ ಎಂಥ ಹಿತವಾಗಿತ್ತೆಂದರೆ, ಅದನ್ನು ಹೊತ್ತು ತಂದದ್ದಕ್ಕೆ ಯಾರೂ ಮರುಗಲಿಲ್ಲ. ರುಚಿಯೂ ಬುತ್ತಿಯ ಲೆಕ್ಕದಲ್ಲಿ ಸೇರಬೇಕಾದದ್ದು. ಒಲ್ಲದ ಬಾಯಿಗೆ ಎಷ್ಟು ಕ್ಯಾಲೊರಿಯ ಆಹಾರವಾದರೂ ಬರೀ ಹೊರೆ. ಸಿಪ್ಪೆಗಳನ್ನು ಚೀಲಕ್ಕೆ ಹಾಕಿಕೊಂಡೆವು. ತಂಪಾದ, ಒಣ ನೆಲದಲ್ಲಿ ಹಣ್ಣಿನ ಸಿಪ್ಪೆ ಕರಗಲು ತಿಂಗಳುಗಳೇ ಬೇಕು, ಅಷ್ಟರಲ್ಲಿ ಅದು ಪ್ರಾಣಿಗಳನ್ನು ಮನುಷ್ಯರ ದಾರಿಗೆ ಸೆಳೆಯುತ್ತದೆ. ಚಾಕೊಲೇಟ್ ಮಾತ್ರ ಬಿಸಿಲಿನ ಬದಿಯ ಜೇಬಿನಲ್ಲಿ ಕರಗಿ ಹೊದಿಕೆಗೆ ಮೆತ್ತಿಕೊಂಡಿತ್ತು; ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮೈಯ ಶಾಖವೇ ಅದಕ್ಕೆ ಸಾಕು. ಸಂಜೆಯ ತಂಪಿಗೆ ಅದು ಮತ್ತೆ ಗಟ್ಟಿಯಾಯಿತೆನ್ನಿ.

ಒಣ ಆಹಾರದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನೀರು ತೆಗೆದ ಊಟ ಹಗುರವೆಂಬುದು ತಂಗುವ ಜಾಗದಲ್ಲಿ ನೀರು ಸಿಗುವುದಾದರೆ ಮಾತ್ರ ನಿಜ. ತೊರೆಯಿಲ್ಲದ ಕಡೆ ಅದನ್ನು ನೆನೆಸಲು ಬೇಕಾದ ನೀರನ್ನೂ ಹೊರಬೇಕಾಗುವುದರಿಂದ ಉಳಿಸಿದ ತೂಕವೆಲ್ಲ ಬಾಟಲಿಯ ರೂಪದಲ್ಲಿ ಮರಳಿ ಬೆನ್ನೇರುತ್ತದೆ. ನಾವು ತಂಗುವ ಹುಲ್ಲುಗಾವಲಿನ ಪಕ್ಕ ವರ್ಷವಿಡೀ ಹರಿಯುವ ತೊರೆಯಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ನಾನು ರಾತ್ರಿಯ ಊಟಕ್ಕೆ ಒಣಗಿಸಿದ ತರಕಾರಿ, ಕೆಂಪು ಮಸೂರ ಬೇಳೆ, ಆಲೂಗಡ್ಡೆಯ ಪುಡಿ, ಹಾಲಿನ ಪುಡಿಗಳನ್ನು ಆರಿಸಿದ್ದು. ಆ ಹುಲ್ಲುಗಾವಲಿನ ಎತ್ತರ ಸುಮಾರು 2700 ಮೀಟರ್. ಪ್ರತಿ ಮುನ್ನೂರು ಮೀಟರಿಗೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುವುದರಿಂದ ಅಲ್ಲಿ ನೀರು 91 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ, ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು, ಹೆಚ್ಚು ಹೊತ್ತೆಂದರೆ ಹೆಚ್ಚು ಇಂಧನ, ಅಂದರೆ ಮತ್ತೆ ತೂಕ. ಇಡೀ ಕಾಳನ್ನು ಬಿಟ್ಟು ಬೇಗ ಬೇಯುವ ಒಡೆದ ಬೇಳೆಯನ್ನು ಆರಿಸಿದ್ದು, ತಲುಪಿದ ಕೂಡಲೇ ಅದನ್ನು ಮತ್ತು ತರಕಾರಿಯನ್ನು ಶೋಧಿಸಿ ಕುದಿಸಿದ ತೊರೆಯ ನೀರಿನಲ್ಲಿ ನೆನೆಹಾಕಿ, ಆಮೇಲೆ ಡೇರೆ ನಿಲ್ಲಿಸಲು ಹೋದದ್ದು ಇದೇ ಕಾರಣಕ್ಕೆ. ಒಂದು ಕುದಿ ಬಂದೊಡನೆ ಉರಿ ಆರಿಸಿ ಪಾತ್ರೆಯನ್ನು ಉಣ್ಣೆಯ ಅಂಗಿಯಲ್ಲಿ ಸುತ್ತಿಟ್ಟೆವು, ಇನ್ನೊಮ್ಮೆ ಸ್ವಲ್ಪ ಕುದಿಸಿದಾಗ ಬೇಳೆ ಮೆತ್ತಗಾಗಿತ್ತು.

ಊಟದ ಕೊನೆಗೆ ಪ್ರತಿಯೊಬ್ಬರ ಬಟ್ಟಲಿಗೂ ಒಂದು ದೊಡ್ಡ ಚಮಚ ಎಣ್ಣೆ ಬೆರೆಸಿದೆ. ಸುಮಾರು ಹದಿನಾಲ್ಕು ಗ್ರಾಂ ತೂಕದಲ್ಲಿ ನೂರಕ್ಕೂ ಹೆಚ್ಚು ಕ್ಯಾಲೊರಿ ಕೊಡುವ ಇದಕ್ಕಿಂತ ಹಗುರವಾದ ಸೇರ್ಪಡೆ ಇಲ್ಲ; ಹಗಲಿನ ಏರಿನಲ್ಲಿ ಭಾರವೆನಿಸುವ ಕೊಬ್ಬು, ಚಳಿಯ ರಾತ್ರಿ ಮಲಗುವ ಮುನ್ನ ಸರಿಯಾದ ಹೊತ್ತಿಗೆ ಬರುತ್ತದೆ. ಬೇಳೆ, ಹಾಲಿನ ಪುಡಿ, ಚೀಸ್ ಸೇರಿ ಸ್ನಾಯುಗಳ ದುರಸ್ತಿಗೆ ಬೇಕಾದ ಪ್ರೋಟೀನ್ ಕೂಡ ದೊರೆಯಿತು. ಉಳಿದ ತಿನಿಸುಗಳನ್ನು ವಾಸನೆ ಹೊರಬಾರದ ಡಬ್ಬಿಯಲ್ಲಿ ಮುಚ್ಚಿ ಡೇರೆಯಿಂದ ದೂರ ಇಟ್ಟೆವು.

ಮರುದಿನ ಬೆಳಿಗ್ಗೆ ನನಗೆ ಅಚ್ಚರಿ ತಂದದ್ದು ಎಲ್ಲರ ಆಯ್ಕೆ. ಖರ್ಜೂರ, ದ್ರಾಕ್ಷಿಗಳತ್ತ ಯಾರೂ ಕೈ ಚಾಚಲಿಲ್ಲ. ಉಪ್ಪು ಹಾಕಿ ಹುರಿದ ಕುಂಬಳಬೀಜ, ಚೀಸ್, ಉಪ್ಪಿನ ಬಿಸ್ಕತ್ತುಗಳಿಗೆ ಎಲ್ಲಿಲ್ಲದ ಬೇಡಿಕೆ ಬಂದಿತ್ತು. ಹಿಂದಿನ ದಿನವೆಲ್ಲ ಬೆವರಿದ್ದೆವು. ಒಂದು ಲೀಟರ್ ಬೆವರಿನೊಂದಿಗೆ ಸರಾಸರಿ ಒಂದು ಗ್ರಾಂನಷ್ಟು ಸೋಡಿಯಂ ಹೊರಹೋಗುತ್ತದೆ, ಕೆಲವರಲ್ಲಿ ಅದಕ್ಕಿಂತ ಹೆಚ್ಚು. ಅದನ್ನು ತುಂಬದೆ ಬರೀ ನೀರನ್ನೇ ಅತಿಯಾಗಿ ಕುಡಿಯುತ್ತಿದ್ದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಕೊನೆಗೆ ಗೊಂದಲದ ಸ್ಥಿತಿಯೂ ಬರಬಹುದು, ಅದು ಬಿಸಿಲಿನ ದಣಿವಿನಂತೆಯೇ ಕಾಣುವುದರಿಂದ ಇನ್ನಷ್ಟು ನೀರು ಕುಡಿಸುವ ಅಪಾಯವೂ ಇದೆ. ದೈನಂದಿನ ಬದುಕಿನಲ್ಲಿ ಉಪ್ಪು ಕಡಿಮೆ ಮಾಡಿ ಎಂಬ ವೈದ್ಯರ ಸಲಹೆ ಸರಿಯಾದದ್ದೇ. ದಿನವಿಡೀ ಬೆವರುವ ಏರಿನಲ್ಲಿ, ರಕ್ತದೊತ್ತಡದಂಥ ತೊಂದರೆ ಇಲ್ಲದವರು, ಬುತ್ತಿಯಲ್ಲಿ ಉಪ್ಪಿಗೆ ಜಾಗ ಕೊಡಲೇಬೇಕು.

ಇಳಿಯುವಾಗ ಉಪ್ಪಿನ ತಿನಿಸು ಮೊದಲ ತಂಗುವಿಕೆಯಲ್ಲಿಯೇ ಮುಗಿಯಿತು, ಸಿಹಿ ಅರ್ಧದಷ್ಟು ಉಳಿಯಿತು. ಮುಂದಿನ ಚಾರಣದ ಪಟ್ಟಿಯನ್ನು ಇಳಿಜಾರಿನ ನೆರಳಿನಲ್ಲಿ ಕೂತು ಅಲ್ಲಿಯೇ ತಿದ್ದಿದೆ: ಖರ್ಜೂರ, ದ್ರಾಕ್ಷಿಗಳ ಅಳತೆಯನ್ನು ಮೊದಲ ದಿನದ ಏರಿಗೆ ಮಾತ್ರ ಸೀಮಿತಗೊಳಿಸಿ, ಎರಡನೆಯ ದಿನಕ್ಕೆ ಉಪ್ಪಿನ ಬೀಜ ಮತ್ತು ಬಿಸ್ಕತ್ತುಗಳನ್ನು ಇಮ್ಮಡಿಗೊಳಿಸಿ, ಚಾಕೊಲೇಟನ್ನು ರಾತ್ರಿಯ ಪೊಟ್ಟಣಕ್ಕೆ ಸ್ಥಳಾಂತರಿಸಿದೆ. ಕಿತ್ತಳೆಯನ್ನು ಹಾಗೆಯೇ ಉಳಿಸಿಕೊಂಡೆ.