ಉತ್ಸಾಹ: ಕಡಿಮೆ

ಹೋದ ತಿಂಗಳು ಒಂದು ಕೆಲಸಕ್ಕೆ ವಿಡಿಯೋ ಇಂಟರ್‌ವ್ಯೂ ಕೊಟ್ಟೆ. ಎದುರಿಗೆ ಮನುಷ್ಯರು ಯಾರೂ ಇರಲಿಲ್ಲ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಯೋಚಿಸಲು 30 ಸೆಕೆಂಡು, ಆಮೇಲೆ ಕ್ಯಾಮೆರಾ ನೋಡಿಕೊಂಡು ಎರಡು ನಿಮಿಷ ಮಾತಾಡಬೇಕು. ಎರಡು ದಿನ ಬಿಟ್ಟು, ನನ್ನ ಮುಖ ನೋಡಿ ಯಂತ್ರವೇ ಬರೆದ ವರದಿ ಬಂತು. ‘ಉತ್ಸಾಹ: ಕಡಿಮೆ.’ ಕಂಪನಿ ಹೆಸರು ಬೇಡ ಬಿಡಿ.

ತಮಾಷೆ ಏನಂದ್ರೆ, ಅವತ್ತು ನಾನು ಸಿಕ್ಕಾಪಟ್ಟೆ ಖುಷಿಯಲ್ಲಿದ್ದೆ. ಒಂಬತ್ತು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಅವರು ಕೇಳಿದ ಮೂರನೇ ಪ್ರಶ್ನೆ, ಅಪರೂಪಕ್ಕೊಮ್ಮೆ ತಲೆ ಎತ್ತಿ ಮಾಯವಾಗುವ ಬಗ್ಗನ್ನು, ಅಂದ್ರೆ ಸಾಫ್ಟ್‌ವೇರ್‌ನ ದೋಷವನ್ನು, ಹಿಡಿಯುವುದು ಹೇಗೆ ಅಂತ. ಓದುತ್ತಿದ್ದ ಹಾಗೇ ಮೇಜಿನ ಕೆಳಗೆ ನನ್ನ ಬೆರಳು ಕುಣಿಯಲು ಶುರುವಾದವು. ಹೆಬ್ಬೆರಳು ತೋರುಬೆರಳಿನ ತುದಿ ಮುಟ್ಟಿ, ನಡುಬೆರಳು, ಉಂಗುರ, ಕಿರುಬೆರಳು ಅಂತ ಹೋಗಿ ಹಾಗೇ ವಾಪಸ್ ಬರುತ್ತದೆ. ಚಿಕ್ಕಂದಿನಿಂದ ನನ್ನ ಖುಷಿ ಇರುವುದು ಅಲ್ಲೇ. ಮುಖಕ್ಕೆ ಅದರ ಸುದ್ದಿ ಮುಟ್ಟುವುದೇ ಇಲ್ಲ. ಯೋಚಿಸುವಾಗ ಕಣ್ಣು ಗೋಡೆಯ ಮೂಲೆಗೆ ಹೋಗುತ್ತದೆ, ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕ್ಯಾಮೆರಾಗೆ ಕಂಡಿದ್ದು ಭುಜದವರೆಗೆ ಮಾತ್ರ.

ನನಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು 31ನೇ ವಯಸ್ಸಿಗೆ. ಅಲ್ಲಿಯವರೆಗೆ ಶಿವಮೊಗ್ಗದ ಮನೆಯಲ್ಲಿ ಅದರ ಹೆಸರು ‘ಯಾವಾಗ್ಲೂ ಮುಖ ಗಂಟು ಹಾಕ್ಕೊಂಡಿರ್ತಾಳೆ’. ಅಮ್ಮ ಮಾತ್ರ ದೊಡ್ಡಮ್ಮನ ಬಾಯಿ ಮುಚ್ಚಿಸುತ್ತಿದ್ದಳು. “ಅವಳ ಕೈ ನೋಡಕ್ಕ. ಸಿಟ್ಟಲ್ಲ ಅದು.”

ಈ ಯಂತ್ರಗಳ ಹಿಂದಿನ ನಂಬಿಕೆ ಹಳೆಯದು. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಪಪುವಾ ನ್ಯೂಗಿನಿಯವರೆಗೂ ಮುಖಗಳ ಫೋಟೋ ಹೊತ್ತುಕೊಂಡು ಹೋಗಿ ತೋರಿಸಿ, ಸಿಟ್ಟು, ಹೆದರಿಕೆ, ಸಂತೋಷಕ್ಕೆಲ್ಲ ಯಾವ ಊರಲ್ಲಾದರೂ ಒಂದೇ ಮುಖ ಅಂದರು. 2019ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಸಂಶೋಧನೆಯನ್ನೆಲ್ಲ ಜಾಲಾಡಿದರು. ಸಿಟ್ಟು ಬಂದವರು ಹುಬ್ಬು ಗಂಟಿಕ್ಕುವುದು ಸರಾಸರಿ ನೂರಕ್ಕೆ 30 ಸಲವೂ ಇಲ್ಲ! ನಮ್ಮಂಥವರ ಲೆಕ್ಕ ಅಲ್ಲ ಇದು, ಎಲ್ಲರ ಲೆಕ್ಕ. ಮೈಕ್ರೋಸಾಫ್ಟ್ 2022ರಲ್ಲಿ ಮುಖ ನೋಡಿ ಭಾವನೆ ಹೇಳುವ ಸೇವೆಯನ್ನು ಕೈಬಿಡುತ್ತೇವೆ ಅಂತ ಹೇಳಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಫೆಬ್ರವರಿಯಿಂದ ಕೆಲಸದ ಜಾಗದಲ್ಲೂ ಶಾಲೆಗಳಲ್ಲೂ ಇದಕ್ಕೆ ನಿಷೇಧ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ನನಗೆ ಬಂದ ಲಿಂಕ್‌ನಲ್ಲಿ ಮಾತ್ರ ‘ಬರೆದು ಉತ್ತರಿಸುತ್ತೇನೆ’ ಅನ್ನುವ ಬಟನ್ ಇರಲಿಲ್ಲ.

ನಮ್ಮ ಟೀಮಿನ ಹುಡುಗನೊಬ್ಬ, ಒಳ್ಳೆಯವನೇ, “ಅಕ್ಕಾ, ಆಟಿಸಂ ಇರೋರ ವಿಡಿಯೋನೂ ಹಾಕಿ ಕಲಿಸಿದ್ರೆ ಸರಿಹೋಗುತ್ತೆ ಅಲ್ವಾ?” ಅಂದ. ಯಾರ ವಿಡಿಯೋ ಹಾಕ್ತೀಯಪ್ಪಾ? ಆಟಿಸಂ ಇರುವ ನನ್ನ ಗೆಳತಿಯೊಬ್ಬಳು ಹೆದರಿದಾಗ ಕಿಸಕ್ಕನೆ ನಗುತ್ತಾಳೆ. ನನ್ನ ಬೆರಳು ಓದಲು ಕಲಿತ ಯಂತ್ರ ಅವಳನ್ನು ತಪ್ಪಾಗಿ ಓದುತ್ತದೆ. ಟೆಸ್ಟಿಂಗ್‌ನಲ್ಲಿ ಕೆಲವೊಮ್ಮೆ ಕೋಡ್ ಸರಿಯಾಗೇ ಇರುತ್ತದೆ, ಏನು ಬರಬೇಕು ಅಂತ ಮೊದಲೇ ಬರೆದಿಟ್ಟಿರುತ್ತೇವಲ್ಲ, ಅದೇ ತಪ್ಪಿರುತ್ತದೆ. ಆಗ ಎಷ್ಟು ಡೇಟಾ ಸುರಿದರೂ ಸುಮ್ನೆ.

ನನ್ನ ಮುಖ ಊಹಿಸುವುದು ಬಿಟ್ಟು ನನ್ನನ್ನೇ ಕೇಳಲಿ. ಪ್ರಶ್ನೆಗಳನ್ನು ಹಿಂದಿನ ದಿನವೇ ಕಳಿಸಲಿ, ಟೈಪ್ ಮಾಡಲು ಬಿಡಲಿ, ಮುಖಕ್ಕೆ ಅಂಕ ಹಾಕುವುದಿದ್ದರೆ ಮೊದಲೇ ಹೇಳಿ, ಬೇಡ ಅಂದರೆ ನಿಲ್ಲಿಸಲಿ. ಇಷ್ಟನ್ನು ಆ ಕಂಪನಿಗೆ ಬರೆದೆ, ಬಗ್ ರಿಪೋರ್ಟಿನ ರೀತಿಯಲ್ಲೇ, ಯಾವ ಹೆಜ್ಜೆಯಲ್ಲಿ ಏನಾಯಿತು ಅಂತ. ‘ನಿಮ್ಮ ಅಭಿಪ್ರಾಯ ನಮಗೆ ಮುಖ್ಯ’ ಅಂತ ತಕ್ಷಣ ಉತ್ತರ ಬಂತು. ಅದನ್ನೂ ಯಂತ್ರವೇ ಕಳಿಸಿರಬೇಕು.

ಮೊನ್ನೆ ಇನ್ನೊಂದು ಕಡೆ ಕೆಲಸ ಸಿಕ್ಕಿತು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಹೇಳಿದೆ. ಕನ್ನಡಕ ಮೇಲೇರಿಸಿ ಒಂದು ಗಳಿಗೆ ನೋಡಿದಳು. “ಫೋನ್ ಸ್ವಲ್ಪ ಕೆಳಗೆ ಹಿಡಿಯೇ. ಕೈ ಕಾಣ್ತಿಲ್ಲ.”