ಲಿಸ್ಟೀರಿಯಾ ಜೀನೋಮ್ ಕೆಲಸ: ಒಂದೇ ಸೈಟು, ಬೇರೆ ಬೇರೆ ಮನೆ

ಹೊಸದಾಗಿ ಓದುತ್ತಿರುವವರಿಗೆ ಮೊದಲು ಎರಡು ಮಾತು. ಲಿಸ್ಟೀರಿಯಾ ಮೊನೊಸೈಟೊಜೀನಿಸ್ ಆಹಾರದ ಮೂಲಕ ಬರುವ ಬ್ಯಾಕ್ಟೀರಿಯಾ. ಫ್ರಿಜ್ಜಿನ 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ; ಉಪ್ಪು, ಹುಳಿ ಎರಡನ್ನೂ ತಡೆದುಕೊಳ್ಳುತ್ತದೆ. ಆ ತಾಳಿಕೆಯ ಗುರುತನ್ನು ಅದರ ಡಿಎನ್‌ಎಯಲ್ಲಿ ಹುಡುಕುವುದು ನನ್ನ ಹವ್ಯಾಸ. ಮನೆಯಲ್ಲಿ ಯಾವ ಬ್ಯಾಕ್ಟೀರಿಯಾವನ್ನೂ ಬೆಳೆಸುವುದಿಲ್ಲ, ಬೆಳೆಸಲೂಬಾರದು: ಗರ್ಭಿಣಿಯರಿಗೆ, ವಯಸ್ಸಾದವರಿಗೆ ಇದು ಪ್ರಾಣಕ್ಕೇ ಕುತ್ತು. ಬಸವನಗುಡಿಯ ಮನೆಯಲ್ಲಿ ಒಂದು ಲ್ಯಾಪ್‌ಟಾಪ್, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಜೀನೋಮ್ (ಒಂದು ಜೀವಿಯ ಪೂರ್ತಿ ಡಿಎನ್‌ಎ) ಫೈಲುಗಳು, ಡಿಎನ್‌ಎ ಸಾಲುಗಳನ್ನು ಹೋಲಿಸಿ ನೋಡುವ ಬ್ಲಾಸ್ಟ್ ತಂತ್ರಾಂಶ. ಇಷ್ಟರಲ್ಲೇ ಕೆಲಸ ನಡೆಯುತ್ತದೆ.

ಮೊದಲು ಸಿಗ್ಮಾ-ಬಿ ಜೀನ್ ನೋಡಿದೆ. ಒತ್ತಡ ಬಿದ್ದ ಸ್ವಲ್ಪ ಹೊತ್ತಿನಲ್ಲೇ ನೂರಕ್ಕೂ ಹೆಚ್ಚು ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನ್ ಇದರದು. ಉದಾಹರಣೆಗೆ, ಉಪ್ಪು ಹೆಚ್ಚಾದಾಗ ಕೋಶ ಒಣಗದಂತೆ ಕಾಯುವ ಕಾರ್ನಿಟೈನ್ ಎಂಬ ವಸ್ತುವನ್ನು ಹೊರಗಿನಿಂದ ಎಳೆದುಕೊಳ್ಳುವ ಪಂಪಿನ ಮೇಲೆ ಇದರ ಹಿಡಿತವಿದೆ. ಮಾಂಸದಲ್ಲಿ, ಹಾಲಿನಲ್ಲಿ ಕಾರ್ನಿಟೈನ್ ಇದ್ದೇ ಇರುತ್ತದೆ. ನಾವು ತಿನ್ನುವ ಆಹಾರವೇ ಅದಕ್ಕೆ ರಕ್ಷಣೆ ಕೊಡುತ್ತದೆ. ಹೋಲಿಸಿದ ತಳಿಗಳಲ್ಲೆಲ್ಲ ಈ ಜೀನ್ ಹೆಚ್ಚುಕಡಿಮೆ ಒಂದೇ ಥರ ಇದೆ. ಎಲ್ಲರ ಬಳಿಯೂ ಇರುವ ಸ್ವಿಚ್ಚು ಇದು, ಒತ್ತಿದಾಗ ಡಿಎನ್‌ಎಯ ಒಂದಕ್ಷರವೂ ಬದಲಾಗುವುದಿಲ್ಲ. ಹಾಗಾದರೆ ತಳಿ ತಳಿಗೆ ವ್ಯತ್ಯಾಸ ಇರುವುದೆಲ್ಲಿ?

ಈ ಸಲದ ನಿಜವಾದ ಖುಷಿ ಅಲ್ಲಿದೆ. 2001ರಲ್ಲಿ ಪ್ರಕಟವಾದ ಇಜಿಡಿ-ಇ ತಳಿಯ ಜೀನೋಮ್ ಸುಮಾರು 29 ಲಕ್ಷ ಅಕ್ಷರಗಳದ್ದು. ಅದರಲ್ಲಿ 0443 ಮತ್ತು 0449 ಸಂಖ್ಯೆಯ ಜೀನ್‌ಗಳ ನಡುವೆ ಐದು ಜೀನ್‌ಗಳ ಒಂದು ಗುಂಪಿದೆ. ಸಂಶೋಧಕರು ಇದನ್ನು ಸ್ಟ್ರೆಸ್ ಸರ್ವೈವಲ್ ಐಲೆಟ್-1 ಅನ್ನುತ್ತಾರೆ, ಅಂದರೆ ಒತ್ತಡದಲ್ಲಿ ಬದುಕುಳಿಸುವ ಪುಟ್ಟ ದ್ವೀಪ. ಐದರಲ್ಲಿ ಎರಡು ಹುಳಿಗೆ ಸಂಬಂಧಿಸಿದವು: ಒಂದು ಗ್ಲುಟಮೇಟ್ ಎಂಬ ಅಮೈನೋ ಆಮ್ಲವನ್ನು ಒಳಗೆ ತಂದು, ಅದರಿಂದಾಗುವ ಗಾಬಾ ಎಂಬ ವಸ್ತುವನ್ನು ಹೊರಗೆ ಬಿಡುತ್ತದೆ, ಇನ್ನೊಂದು ಗ್ಲುಟಮೇಟನ್ನು ಗಾಬಾ ಮಾಡುವಾಗ ಒಂದು ಪ್ರೋಟಾನನ್ನು (ಹುಳಿಗೆ ಕಾರಣವಾದ ಕಣ) ಖರ್ಚು ಮಾಡುತ್ತದೆ. ಜೀವಕೋಶದೊಳಗಿನ ಆಮ್ಲ ಅಷ್ಟರಮಟ್ಟಿಗೆ ಇಳಿಯುತ್ತದೆ.

ಅದೇ ಜಾಗವನ್ನು ಎಫ್2365 ತಳಿಯಲ್ಲಿ ತೆರೆದು ನೋಡಿದೆ. 1985ರಲ್ಲಿ ಕ್ಯಾಲಿಫೋರ್ನಿಯಾದ ಮೆತ್ತನೆ ಚೀಸ್‌ನಿಂದ ಹಬ್ಬಿದ ಕಾಯಿಲೆಯ ತಳಿ ಇದು. ಲಾಸ್ ಏಂಜಲಿಸ್ ಕೌಂಟಿಯೊಂದರಲ್ಲೇ 142 ಪ್ರಕರಣ, ಗರ್ಭದಲ್ಲಿದ್ದ ಶಿಶುಗಳೂ ಸೇರಿ 48 ಸಾವು. ಐದು ಜೀನ್‌ಗಳ ಗುಂಪು ಇಲ್ಲಿ ಇಲ್ಲ, ಬದಲಿಗೆ ಬೇರೆಯದೇ ಒಂದು ಜೀನ್ ಕೂತಿದೆ. ಲಿಸ್ಟೀರಿಯಾ ಇನ್ನೋಕ್ಯುವಾ ಎಂಬ ಸೋದರ ಪ್ರಭೇದದಲ್ಲಿ ಅಲ್ಲೇ ಐಲೆಟ್-2ರ ಎರಡು ಜೀನ್‌ಗಳಿವೆ, ಅವು ಕ್ಷಾರ ಮತ್ತು ಆಕ್ಸಿಡೀಕರಣದ ಒತ್ತಡಕ್ಕೆ ನೆರವಾಗುತ್ತವೆ. ನಮ್ಮ ಬಡಾವಣೆಗಳಲ್ಲಿ ಎಡಬಲದ ಮನೆಗಳು ಹಾಗೇ ಇದ್ದು, ನಡುವಿನ ಸೈಟಿನಲ್ಲಿ ಬೇರೆ ಬೇರೆ ಮಾಲೀಕರು ಬೇರೆ ಬೇರೆ ಮನೆ ಕಟ್ಟಿದಂತೆ. ಕ್ಲೋರಿನ್ ಬಳಸಿ ತೊಳೆಯುವ ಕಾರ್ಖಾನೆಯಲ್ಲಿ ಯಾವ ಮನೆ ಲಾಭ, ಹುಳಿಯಾದ ಚೀಸ್‌ನಲ್ಲಿ ಯಾವುದು ಲಾಭ ಎಂದು ಯೋಚಿಸುತ್ತ ಕೂತರೆ ನಿದ್ದೆಯೇ ಬರುವುದಿಲ್ಲ.

ಐಲೆಟ್-1 ಇಲ್ಲದ್ದಕ್ಕೆ ಎಫ್2365 ಹುಳಿಗೆ ಸೋತುಬಿಡುತ್ತದೆ ಅಂತ ಯಾರೂ ತಿಳಿಯಬಾರದು. ಇನ್ನೂ ಕಟುವಾದ ಹುಳಿಗೆ ಬೇಕಾದ ಅದೇ ಬಗೆಯ ಮತ್ತೊಂದು ಜೋಡಿ ಜೀನೋಮಿನ ಬೇರೆ ಕಡೆ ಇದೆ. ಹುಡುಕಿದಾಗ ಎರಡೂ ತಳಿಗಳಲ್ಲಿ ಸಿಕ್ಕಿತು.

ಅರೆಬರೆ ಜೋಡಿಸಿದ, ಇನ್ನೂ ತುಂಡು ತುಂಡಾಗಿರುವ ಜೀನೋಮ್‌ಗಳಲ್ಲಿ ಮಾತ್ರ ಎಚ್ಚರ ಬೇಕು. ತುಂಡು ಮುಗಿಯುವ ಕಡೆ ಜೀನ್ ಕಾಣದಿದ್ದರೆ ಅದು ಇಲ್ಲವೆಂದು ಬರೆಯುವ ಹಾಗಿಲ್ಲ. ಅದಕ್ಕೇ ಎಡಬಲದ ಎರಡೂ ಜೀನ್‌ಗಳು ಒಂದೇ ತುಂಡಿನಲ್ಲಿ ಸಿಕ್ಕರಷ್ಟೇ ಯಾವ ತಳಿಯಲ್ಲಿ ಯಾವ ಐಲೆಟ್ ಎಂಬ ನನ್ನ ಪಟ್ಟಿಗೆ ಸೇರಿಸುತ್ತಿದ್ದೇನೆ.

ಕ್ರಿಮಿನಾಶಕದ ವಿಷಯ ಅತ್ತಿಗೆಯಿಂದ ಶುರುವಾಯಿತು. ಯಲಹಂಕದ ಹತ್ತಿರ ಒಂದು ಚೀಸ್ ಘಟಕದಲ್ಲಿ ಗುಣಮಟ್ಟದ ಪರೀಕ್ಷೆ ಅವರ ಕೆಲಸ. "ಒಂದೇ ಔಷಧಿ ಹಾಕಿ ತೊಳೀತಾ ಇರಲ್ಲಪ್ಪಾ, ಬದಲಾಯಿಸ್ತಾ ಇರ್ತೀವಿ. ಅದ್ಯಾಕೆ ಅಂತ ನಿನ್ನ ಜೀನೋಮ್‌ನಲ್ಲಿ ಕಾಣುತ್ತಾ ನೋಡು" ಅಂದರು. ಕಾಣುತ್ತದೆ. 1998-99ರಲ್ಲಿ ಅಮೆರಿಕದಲ್ಲಿ ಹಾಟ್ ಡಾಗ್‌ಗಳಿಂದ ಹಬ್ಬಿದ ಎಚ್7858 ತಳಿಯ ಪಿಎಲ್‌ಎಂ80 ಪ್ಲಾಸ್ಮಿಡ್‌ನಲ್ಲಿ (ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ ಉಂಗುರ) ಬಿಸಿಆರ್-ಎಬಿಸಿ ಎಂಬ ಮೂರು ಜೀನ್‌ಗಳಿವೆ. ಎರಡು ಪಂಪಿನವು, ಒಂದು ನಿಯಂತ್ರಕ. ಬೆಂಜಾಲ್ಕೋನಿಯಮ್ ಕ್ಲೋರೈಡ್ ಎಂಬ ಕ್ರಿಮಿನಾಶಕವನ್ನು ತಾಳುವ ಶಕ್ತಿ ಬರುವುದು ಇವುಗಳಿಂದ. ಮನೆಯ ನೆಲ ಒರೆಸುವ ಬಾಟಲಿಯ ಲೇಬಲ್ ತಿರುಗಿಸಿ ನೋಡಿ, ಅನೇಕದರಲ್ಲಿ ಇದೇ ಹೆಸರಿರುತ್ತದೆ. ಅದೇ ಪ್ಲಾಸ್ಮಿಡ್‌ನಲ್ಲಿ ಕ್ಯಾಡ್ಮಿಯಮ್ ತಾಳುವ ಜೀನ್‌ಗಳೂ ಇವೆ, ಅಂದರೆ ಎರಡರಲ್ಲಿ ಯಾವುದರ ಒತ್ತಡ ಬಿದ್ದರೂ ಇನ್ನೊಂದನ್ನು ತಾಳುವ ಜೀನ್‌ಗಳೂ ಜೊತೆಯಲ್ಲೇ ಉಳಿದುಕೊಳ್ಳುತ್ತವೆ. ಅತ್ತಿಗೆಗೆ ಆ ನಕ್ಷೆಯನ್ನು ಮುದ್ರಿಸಿ ಕೊಟ್ಟಿದ್ದೇನೆ.

ಮುಂದಿನದು ಇನ್‌ಎಲ್‌ಎ ಜೀನ್. ಕರುಳಿನ ಕೋಶದೊಳಗೆ ನುಗ್ಗಲು ಬೇಕಾದ ಪ್ರೋಟೀನ್ ಅದರದು, ಆದರೆ ಕಾರ್ಖಾನೆಗಳಲ್ಲಿ ಸಿಗುವ ಎಷ್ಟೋ ತಳಿಗಳಲ್ಲಿ ಅದು ನಡುವೆಯೇ ತುಂಡಾಗಿರುತ್ತದೆ. ಹಾಗೆ ತುಂಡಾದ ತಳಿಗಳ ಸೈಟಿನಲ್ಲಿ ಯಾವ ಐಲೆಟ್ ಇದೆ ಅನ್ನುವುದನ್ನು ಎರಡು ಕಾಲಂಗಳಲ್ಲಿ ಪಕ್ಕಪಕ್ಕ ಇಡುತ್ತಿದ್ದೇನೆ. ಫೈಲುಗಳು ಇಳಿಯುತ್ತಿವೆ.